ಎಲೆನ್ ಪಾವ್ ಸೋತಿದ್ದು ಏನನ್ನು?

ಮೊನ್ನೆ ಆಫೀಸಲ್ಲಿ ಊಟದ ಹೊತ್ತಿಗೆ ಸ್ಟಾರ್ಟಪ್ಪು, ಫಂಡಿಂಗು ಅಂತ ಮಾತು ಶುರುವಾಗಿ ಎಲೆನ್ ಪಾವ್ ಹೆಸರು ಬಂತು. "ಅಯ್ಯೋ ಬಿಡೋ, ಕೋರ್ಟಲ್ಲೇ ಸೋತಳಲ್ಲ, ಇನ್ನೇನಿದೆ ಅದರಲ್ಲಿ?" ಅಂದ ಗೆಳೆಯ. ಮೊಸರನ್ನ ಮುಗಿಸಿ ಕೈ ತೊಳೆಯೋಕೆ ಹೋದ. ನನಗೆ ಮಾತ್ರ ತಡೀಲಿಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಕ್ಲೈನರ್ ಪರ್ಕಿನ್ಸ್ ಅಂದ್ರೆ ಸಿಲಿಕಾನ್ ವ್ಯಾಲಿಯ ಹೆಸರಾಂತ ವೆಂಚರ್ ಕ್ಯಾಪಿಟಲ್ ಸಂಸ್ಥೆ. ನೆಟ್‌ಸ್ಕೇಪ್, ಅಮೆಜಾನ್, ಗೂಗಲ್ ಎಲ್ಲ ಚಿಕ್ಕವಿದ್ದಾಗಲೇ ದುಡ್ಡು ಹಾಕಿದವರು. ಪಾವ್ ಅಲ್ಲಿಗೆ ಸೇರಿದ್ದು 2005ರಲ್ಲಿ, ಜಾನ್ ಡೋರ್ ಅವರ ಚೀಫ್ ಆಫ್ ಸ್ಟಾಫ್ ಆಗಿ. ಆ ಕೆಲಸಕ್ಕೆ ಏನೇನು ಕೇಳಿದ್ದರು ಅಂತ ಆಕೆ ಆಮೇಲೆ ಬರೆದಿದ್ದಾರೆ: ಎಂಜಿನಿಯರಿಂಗ್ ಡಿಗ್ರಿ, ಲಾ ಡಿಗ್ರಿ, ಎಂಬಿಎ, ಕನ್ಸಲ್ಟಿಂಗ್ ಅನುಭವ, ಸ್ಟಾರ್ಟಪ್ ಅನುಭವ, ದೊಡ್ಡ ಸಾಫ್ಟ್‌ವೇರ್ ಕಂಪನಿಯ ಅನುಭವ, ಸಾಲದ್ದಕ್ಕೆ ಮ್ಯಾಂಡರಿನ್ ಬೇರೆ! ನಮ್ಮ ಕಡೆ ವಧು ಬೇಕಾಗಿದ್ದಾಳೆ ಜಾಹೀರಾತು ನೆನಪಾಯ್ತು :) ತಮಾಷೆ ಅಂದ್ರೆ ಅದೆಲ್ಲ ಆಕೆಯ ಹತ್ತಿರ ಇತ್ತು. ಪ್ರಿನ್ಸ್‌ಟನ್‌ನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಹಾರ್ವರ್ಡ್‌ನಲ್ಲಿ ಲಾ, ಅಲ್ಲೇ ಎಂಬಿಎ.

ಇಷ್ಟೆಲ್ಲ ಇದ್ದವರು ಮೇಲಕ್ಕೆ ಹೋಗಲಿಲ್ಲ. 2012ರ ಮೇನಲ್ಲಿ ಲಿಂಗ ತಾರತಮ್ಯದ ಕೇಸು ಹಾಕಿದರು, ಅದೇ ಅಕ್ಟೋಬರಿನಲ್ಲಿ ಕೆಲಸ ಹೋಯ್ತು. 2015ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಚಾರಣೆ. ಮಾರ್ಚ್ 27ಕ್ಕೆ ತೀರ್ಪು, ನಾಲ್ಕೂ ಆರೋಪದಲ್ಲಿ ಸೋಲು. ಎದುರಾಳಿಯ ಖರ್ಚು ಅಂತ 2 ಲಕ್ಷ 76 ಸಾವಿರ ಡಾಲರ್ ಮೈಮೇಲೆ ಬಂತು. ಗೆಳೆಯನಿಗೆ ಗೊತ್ತಿರೋದು ಇಷ್ಟೇ.

ನಾನು ಕೇಳೋದು ಆ ಅಪ್ರೈಸಲ್‌ಗಳ ಬಗ್ಗೆ. ವಿಚಾರಣೆಯಲ್ಲಿ ಅವೆಲ್ಲ ಹೊರಗೆ ಬಂದವು. ಒಂದು ಕಡೆ ಈಕೆ ಸುಮ್ಮನೆ ಕೂತಿರ್ತಾಳೆ, ಮಾತಾಡಲ್ಲ. ಇನ್ನೊಂದು ಕಡೆ ಈಕೆ ಮುನ್ನುಗ್ತಾಳೆ, ಬೇರೆಯವರನ್ನ ತಳ್ಳಿಕೊಂಡು ಹೋಗ್ತಾಳೆ. ಸ್ವಾಮಿ, ವ್ಯಾಲ್ಯೂ ಜಾಸ್ತಿ ಕೊಟ್ರೂ ಫೇಲ್, ಕಮ್ಮಿ ಕೊಟ್ರೂ ಫೇಲ್ ಅಂದ್ರೆ ನಾವು ಕೋಡನ್ನ ಬೈಯಲ್ಲ, ಟೆಸ್ಟ್ ಬರೆದವನನ್ನ ಕರೀತೀವಿ. ಇಂಥದ್ದೇ ಟೀಕೆ ಇದ್ದ ಗಂಡಸರಿಗೆ ಬಡ್ತಿ ಸಿಕ್ಕಿತ್ತು ಅನ್ನೋದು ಆಕೆಯ ವಕೀಲರ ವಾದ. ಇದನ್ನ ಓದುವಾಗ ನಾನು ಹಿಂದೆ ಕೆಲಸ ಮಾಡ್ತಿದ್ದ ಟೀಮಿನ ಒಬ್ಬ ಹುಡುಗಿ ನೆನಪಾದಳು. ಒಂದು ವರ್ಷ "ಮೀಟಿಂಗಲ್ಲಿ ಬಾಯಿ ಬಿಡಲ್ಲ", ಮುಂದಿನ ವರ್ಷ "ಟೋನ್ ಸರಿ ಇಲ್ಲ". ರೇಟಿಂಗ್ ಮಾತ್ರ ಎರಡೂ ವರ್ಷ ಒಂದೇ.

ವೆಂಚರ್ ಕ್ಯಾಪಿಟಲ್‌ನಲ್ಲಿ ಇದು ಇನ್ನೂ ಕೆಟ್ಟದು. ಹಾಕಿದ ದುಡ್ಡು ಬೆಳೆಯೋಕೆ ಎಷ್ಟೋ ವರ್ಷ ಬೇಕು. ಅಲ್ಲಿವರೆಗೆ ಯಾರು ಬುದ್ಧಿವಂತರು ಅಂತ ಅಳೆಯೋಕೆ ಅಂಕಿ ಇಲ್ಲ, ಹತ್ತಿಪ್ಪತ್ತು ಪಾರ್ಟ್ನರ್‌ಗಳ ಅಭಿಪ್ರಾಯವೇ ಅಳತೆ. ಅಂಕಿ ಬಂದಾಗಾದ್ರೂ? ಪಾವ್ ಪಟ್ಟು ಹಿಡಿದು ಮಾಡಿಸಿದ ಆರ್‌ಪಿಎಕ್ಸ್ ಹೂಡಿಕೆ 2011ರಲ್ಲಿ ಐಪಿಒ ಆಯ್ತು. ಬೋರ್ಡಿನ ಕುರ್ಚಿ ಸಿಕ್ಕಿದ್ದು ಹಿರಿಯ ಗಂಡಸು ಪಾರ್ಟ್ನರ್‌ಗೆ.

"ಕ್ಲೈನರ್‌ನಲ್ಲಿ ಬೇರೆ ಕಡೆಗಿಂತ ಹೆಂಗಸರು ಜಾಸ್ತಿ ಇದ್ರು" ಅನ್ನೋ ವಾದವೂ ಇದೆ. ನಿಜ. ಆದ್ರೆ ಬೇರೆ ಕಡೆ ಅಂದ್ರೆ ಎಷ್ಟು? ಬ್ಯಾಬ್ಸನ್ ಕಾಲೇಜಿನ ಅಧ್ಯಯನದ ಪ್ರಕಾರ ಅಮೆರಿಕದ ವೆಂಚರ್ ಸಂಸ್ಥೆಗಳ ಪಾರ್ಟ್ನರ್‌ಗಳಲ್ಲಿ ಹೆಂಗಸರು 1999ರಲ್ಲಿ ಶೇ. 10, 2014ರಲ್ಲಿ ಶೇ. 6. ಮುಂದಕ್ಕಲ್ಲ, ಹಿಂದಕ್ಕೆ!

ಇನ್ನು ಆಕೆಗೆ ಮದುವೆಯಾಗಿದ್ದ ಸಹೋದ್ಯೋಗಿಯ ಜೊತೆ ಸಂಬಂಧ ಇತ್ತು, ಯಾರ ಮೇಲೆ ಸಿಟ್ಟು ಅಂತ ಪಟ್ಟಿ ಬರೆದಿಟ್ಟಿದ್ದರು ಅಂತೆಲ್ಲ ಎತ್ತಿ ಆಡ್ತಾರೆ. ಇರಬಹುದು. ನ್ಯಾಯ ಕೇಳೋಕೆ ಮೊದಲು ಸೀತೆಯಾಗಿ ಬೆಂಕಿಗೆ ಹಾರಬೇಕಾ? ಗಂಡಸರ ಡೈರಿ ಯಾರೂ ತೆಗೆಸಿ ಓದಲ್ಲ.

ಅದೇ ಸಂಸ್ಥೆಯಲ್ಲಿದ್ದ ಟ್ರೇ ವಸಾಲೋ ಕೂಡ ಸಾಕ್ಷಿ ಹೇಳಿದರು. ಕೆಲಸದ ಮೇಲೆ ಊರಿಗೆ ಹೋಗಿದ್ದಾಗ ಹೋಟೆಲ್ ರೂಮಿನ ಬಾಗಿಲಿಗೆ ಹಿರಿಯ ಸಹೋದ್ಯೋಗಿ ಬಾತ್‌ರೋಬ್ ಹಾಕ್ಕೊಂಡು ವೈನ್ ಗ್ಲಾಸ್ ಹಿಡಿದು ಬಂದಿದ್ದನ್ನ. ಪಾವ್ ಕೇಸಾದ ಮೇಲೆ ಆಕೆ ಮತ್ತೆ ಕೆಲವರು ಸೇರಿ 200ಕ್ಕೂ ಹೆಚ್ಚು ಹೆಂಗಸರನ್ನ ಕೇಳಿದರು. "ನೀನು ತುಂಬಾ ಅಗ್ರೆಸಿವ್" ಅಂತ ಹೇಳಿಸಿಕೊಂಡವರು ಶೇ. 84. ಅಷ್ಟು ಜನರೂ ಜಗಳಗಂಟಿಯರಾ?

ಕೋರ್ಟು ಕೇಳೋದು ಒಂದೇ ಪ್ರಶ್ನೆ, ಈ ನಿರ್ಧಾರಕ್ಕೆ ಲಿಂಗ ಒಂದು ಗಣನೀಯ ಕಾರಣವಾ ಅಂತ. ಅದನ್ನ ಸಾಬೀತು ಮಾಡಬೇಕಾದವಳು ಆಕೆ. ಕೊನೇ ಆರೋಪದ ಮೇಲೆ ಜ್ಯೂರಿ ಮೊದಲು 8-4 ಇತ್ತು, 9 ಬೇಕು ಅಂತ ಜಡ್ಜ್ ವಾಪಸ್ ಕಳಿಸಿದಾಗ 9-3 ಆಯ್ತು. ಒಂದೇ ಒಂದು ವೋಟು. ಆರೋಪ ಸಾಬೀತಾಗಲಿಲ್ಲ ಅನ್ನೋದಕ್ಕೂ ಏನೂ ನಡೀಲೇ ಇಲ್ಲ ಅನ್ನೋದಕ್ಕೂ ವ್ಯತ್ಯಾಸ ಇಲ್ವಾ? 2017ರಲ್ಲಿ ಸೂಸನ್ ಫೌಲರ್ ಊಬರ್ ಬಗ್ಗೆ ಬರೆದರು, ಆಮೇಲೆ ಕೆಲವು ಹೂಡಿಕೆದಾರರ ಹೆಸರೂ ಹೊರಗೆ ಬಂತು. 2018ರಲ್ಲಿ ಕ್ಯಾಲಿಫೋರ್ನಿಯಾ ತನ್ನ ಲೈಂಗಿಕ ಕಿರುಕುಳದ ಕಾನೂನಿಗೆ 'ಹೂಡಿಕೆದಾರ' ಅನ್ನೋ ಪದ ಸೇರಿಸಿತು. ಅಲ್ಲಿವರೆಗೆ ಆ ಪದ ಅಲ್ಲಿ ಇರಲೇ ಇಲ್ಲ ನೋಡಿ!

ಗೆಳೆಯಾ, ಇದನ್ನ ಓದ್ತೀಯ ಅಂತ ಗೊತ್ತು. ಸೋಮವಾರ ಊಟಕ್ಕೆ ಸಿಗು. ಈ ಸಲ ಮೊಸರನ್ನ ಮುಗಿಸಿ ಎದ್ದು ಹೋಗೋ ಹಾಗಿಲ್ಲ.