ಹಂದಿ ಹೊಡೆಯುವ ಅನುಮತಿ ಪಂಚಾಯಿತಿಗೆ ಬರಲಿ, ಕರೆಂಟು ತಂತಿ ಊರು ಬಿಟ್ಟು ಹೋಗಲಿ



ತೆನೆ ಹಾಲುಗಟ್ಟಿದ ಸುದ್ದಿ ಗದ್ದೆಯ ಯಜಮಾನನಿಗಿಂತ ಮೊದಲು ಹಂದಿಗೆ ಮುಟ್ಟುತ್ತದೆ. ಭೂಮಿ ಹುಣ್ಣಿಮೆಯ ದಿನ ಚರಗ ಬೀರಲು ಇಳಿದಾಗ ಎಷ್ಟೋ ಗದ್ದೆಗಳಲ್ಲಿ ಬೀರುವುದಕ್ಕೆ ನಿಂತ ಪೈರೇ ಇರುವುದಿಲ್ಲ. ಹಿಂಡು ಇಳಿದ ರಾತ್ರಿ ತಿನ್ನುವುದು ಸ್ವಲ್ಪ, ಹೊರಳಾಡಿ ಮಲಗಿಸುವುದೇ ಹೆಚ್ಚು. ಗದ್ದೆ ಮುಗಿಯಿತೆಂದರೆ ತೋಟದ ಸರದಿ. ಸುವರ್ಣಗೆಡ್ಡೆ, ಶುಂಠಿ, ಮರಗೆಣಸು, ಬಾಳೆಯ ಬುಡ, ಕಳೆದ ವರ್ಷ ನೆಟ್ಟ ಅಡಿಕೆ ಸಸಿ, ಒಂದೂ ಉಳಿಯುವುದಿಲ್ಲ. ಮಾಳದ ಮೇಲೆ ಕೂತು ಡಬ್ಬ ಬಡಿದು ಬೆಳಗು ಮಾಡಿದ ತಲೆಮಾರಿಗೆ ಈಗ ಮಂಡಿನೋವು. ಮಕ್ಕಳು ಬೆಂಗಳೂರಿನಲ್ಲಿ. ಐಬೆಕ್ಸ್ ಬೇಲಿ ಹಾಕಿಸಲು ದುಡ್ಡಿದ್ದವರು ಹಾಕಿಸಿಕೊಂಡರು, ಇಲ್ಲದವರು ಗದ್ದೆ ಹಾಳು ಬಿಟ್ಟರು.

ಹಾಳು ಬಿಡಲು ಮನಸ್ಸಾಗದ ಇನ್ನು ಕೆಲವರು ಏನು ಮಾಡುತ್ತಿದ್ದಾರೆ? ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಕರೆಂಟು ಕಂಬದಿಂದ ನೇರ ತಂತಿ ಎಳೆದು ಬೇಲಿಗೆ ಬಿಡುತ್ತಾರೆ. ಬೈಕಿನ ಕ್ಲಚ್ ವೈರಿನಿಂದ ಉರುಳು ಮಾಡಿ ದಾರಿಗೆ ಇಡುತ್ತಾರೆ. ಹಿಟ್ಟಿನುಂಡೆಯೊಳಗೆ ಸಿಡಿಮದ್ದು ತುಂಬಿ ಕಾಡಂಚಿನಲ್ಲಿ ಬಿಸಾಡುತ್ತಾರೆ. ಕರೆಂಟಿಗೆ ಹಂದಿ ಯಾವುದು, ಮನುಷ್ಯ ಯಾರು ಎಂದು ತಿಳಿಯುವುದಿಲ್ಲ. ಬೆಳಗ್ಗೆ ತೋಟಕ್ಕೆ ನೀರು ಬಿಡಲು ಹೋದ ಪಕ್ಕದ ಮನೆಯವರು ಬೇಲಿಯಲ್ಲಿ ಸಿಕ್ಕ ಸುದ್ದಿ ವರ್ಷಕ್ಕೊಮ್ಮೆಯಾದರೂ ಪತ್ರಿಕೆಯಲ್ಲಿ ಓದುತ್ತೇವೆ. ಹಂದಿಗಿಟ್ಟ ಉರುಳಿಗೆ ಚಿರತೆ ಬೀಳುತ್ತದೆ, ಉಂಡೆ ಕಚ್ಚಿದ ದನದ ದವಡೆ ಒಡೆಯುತ್ತದೆ. 2020ರಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಸಿಡಿಮದ್ದು ಬಾಯಲ್ಲಿ ಸ್ಫೋಟಿಸಿ, ನದಿಯ ನೀರಿನಲ್ಲಿ ನಿಂತೇ ಸತ್ತ ಗಬ್ಬದ ಆನೆಯನ್ನು ಇಡೀ ದೇಶ ನೋಡಿತು.

ಈ ಕರಪತ್ರ ಬರೆದ ನಾವೂ ಬೆಳೆಗಾರರೇ. ಶಿಕಾರಿಯ ಚಟಕ್ಕೆ ಬರೆದದ್ದಲ್ಲ. ಒಂದೇ ಒಂದು ಮಾತು ಹೇಳಬೇಕಾಗಿದೆ: ಕಾನೂನಿನ ಬಾಗಿಲು ಬೆಂಗಳೂರಿನಲ್ಲಿದ್ದರೆ ರೈತ ಕಳ್ಳದಾರಿ ಹಿಡಿಯುತ್ತಾನೆ. ಆ ಬಾಗಿಲು ಪಂಚಾಯಿತಿ ಕಟ್ಟೆಗೆ ಬರಬೇಕು.

ಕಾಯ್ದೆಯಲ್ಲಿ ದಾರಿಯೇ ಇಲ್ಲ ಎನ್ನುವವರ ಮಾತು ನಂಬಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದ್ದು ನಿಜ. ಆದರೆ ಅದೇ ಕಾಯ್ದೆಯ ಕಲಂ 11(1)(ಬಿ) ಓದಿ. ಅನುಸೂಚಿ 2ರಲ್ಲಿರುವ ಪ್ರಾಣಿ ಮನುಷ್ಯರ ಜೀವಕ್ಕೆ ಅಥವಾ ಆಸ್ತಿಗೆ ಅಪಾಯಕಾರಿಯಾಗಿದೆ ಎಂದು ಮನದಟ್ಟಾದರೆ, ಮುಖ್ಯ ವನ್ಯಜೀವಿ ಪರಿಪಾಲಕರು ಇಲ್ಲವೇ ಅಧಿಕಾರ ಪಡೆದ ಅಧಿಕಾರಿ, ಇಂಥ ಪ್ರದೇಶದಲ್ಲಿ ಇಂಥ ಪ್ರಾಣಿ ಅಥವಾ ಇಂಥ ಹಿಂಡನ್ನು ಕೊಲ್ಲಲು ಕಾರಣ ಬರೆದು ಅನುಮತಿ ಕೊಡಬಹುದು. ಆಸ್ತಿ ಎಂದರೆ ನಿಂತ ಬೆಳೆಯೂ ಸೇರಿತು ಎಂದು ಕಾಯ್ದೆಯೇ ಬಿಡಿಸಿ ಹೇಳಿದೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಇರುವುದು ಅನುಸೂಚಿ 2ರಲ್ಲಿ. ಈ ಅಧಿಕಾರವನ್ನು ಕೆಳಗಿನ ಅಧಿಕಾರಿಗೆ ವಹಿಸಿಕೊಡಲು ಕಲಂ 5ರಲ್ಲಿ ಅವಕಾಶವಿದೆ, ರಾಜ್ಯ ಸರ್ಕಾರದ ಒಪ್ಪಿಗೆಯೊಂದಿದ್ದರೆ ಸಾಕು. ದೆಹಲಿಗೆ ಹೋಗಬೇಕಿಲ್ಲ.

ಆನೆ, ಕಾಟಿ, ನವಿಲು ಅನುಸೂಚಿ 1ರವು. ಅವುಗಳ ಗೋಳು ಬೇರೆ, ಕಾನೂನೂ ಬೇರೆ. ಇಲ್ಲಿ ಹಂದಿಯ ಮಾತಷ್ಟೇ ಆಡುತ್ತಿದ್ದೇವೆ. ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ಆ ಅರ್ಜಿ ಫೈಲಿನಲ್ಲೇ ಮುದಿಯಾಗುತ್ತದೆ.

ಪಕ್ಕದ ರಾಜ್ಯಗಳು ಏನು ಮಾಡಿದವು ನೋಡಿ. ಕೇರಳ 2022ರ ಮೇ ತಿಂಗಳಲ್ಲಿ ಪಂಚಾಯಿತಿ ಅಧ್ಯಕ್ಷರನ್ನೇ ಗೌರವ ವನ್ಯಜೀವಿ ಪರಿಪಾಲಕರನ್ನಾಗಿಸಿ, ಬೆಳೆ ಹಾಳು ಮಾಡುವ ಹಂದಿಯನ್ನು ಹೊಡೆಯಲು ಅನುಮತಿ ಕೊಡುವ ಅಧಿಕಾರವನ್ನು ಅವರ ಕೈಗಿಟ್ಟಿತು. ಹೊಡೆಯುವವರು ಪರವಾನಗಿ ಇರುವ, ಪಟ್ಟಿಯಲ್ಲಿ ಹೆಸರಿರುವ ಕೋವಿದಾರರು ಮಾತ್ರ. ವಿಷ, ಸಿಡಿಮದ್ದು, ಕರೆಂಟು ನಿಷಿದ್ಧ. 2025ರ ಅಕ್ಟೋಬರಿನಲ್ಲಿ ಅಲ್ಲಿನ ವಿಧಾನಸಭೆ ಇನ್ನೂ ಮುಂದೆ ಹೋಗಿ ಕೇಂದ್ರ ಕಾಯ್ದೆಗೇ ರಾಜ್ಯದ ತಿದ್ದುಪಡಿ ತರುವ ಮಸೂದೆ ಅಂಗೀಕರಿಸಿತು. ಅಂಥ ತಿದ್ದುಪಡಿಗೆ ರಾಷ್ಟ್ರಪತಿಯವರ ಒಪ್ಪಿಗೆ ಬೇಕು, ಅದು ದೂರದ ದಾರಿ. ತಮಿಳುನಾಡು 2025ರ ಜನವರಿಯಲ್ಲಿ ಬೇರೆ ಲೆಕ್ಕ ಹಾಕಿತು. ಕಾಡಂಚಿನಿಂದ ಒಂದು ಕಿಲೋಮೀಟರಿನೊಳಗೆ ಹಂದಿ ಹೊಡೆಯುವಂತಿಲ್ಲ, ಒಂದರಿಂದ ಮೂರರವರೆಗೆ ಹಿಡಿದು ಕಾಡಿಗೆ ಬಿಡಬೇಕು, ಮೂರು ದಾಟಿದ ಮೇಲೆ ಅರಣ್ಯ ಸಿಬ್ಬಂದಿಯೇ ಹೊಡೆಯಬೇಕು. ಬಯಲುಸೀಮೆಗೆ ಈ ಲೆಕ್ಕ ಒಪ್ಪೀತು. ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿಯಲ್ಲಿ ಕಾಡಿನಿಂದ ಮೂರು ಕಿಲೋಮೀಟರ್ ದೂರದ ಗದ್ದೆ ಹುಡುಕಿ ತೋರಿಸಿ ಮಾರಾಯ್ರೇ! ನಮ್ಮ ಗದ್ದೆಯ ಅಂಚೇ ಕಾಡಿನ ಅಂಚು. ನಮಗೆ ಒಗ್ಗುವುದು ಕೇರಳದ 2022ರ ದಾರಿ, ಅದರ ಮೇಲೆ ಇನ್ನಷ್ಟು ಬಿಗಿ.

ಆ ಬಿಗಿ ಯಾವುದು? ಮೊದಲನೆಯದು ಕಾಲ. ಅನುಮತಿ ವರ್ಷಪೂರ್ತಿ ಬೇಡ. ಭತ್ತದ ಗದ್ದೆಗೆ ಭಾದ್ರಪದದಿಂದ ಕೊಯ್ಲು ಮುಗಿಯುವವರೆಗೆ ಸಾಕು. ಶುಂಠಿ, ಗೆಡ್ಡೆ ಬೆಳೆಯುವ ಕಡೆ ಅದಕ್ಕೆ ಹೊಂದುವ ಬೇರೆ ಅವಧಿ. ಇದನ್ನು ಆಯಾ ಪಂಚಾಯಿತಿಯೇ ಗ್ರಾಮಸಭೆಯಲ್ಲಿ ಕೂತು ನಿಗದಿ ಮಾಡಬೇಕು, ಏಕೆಂದರೆ ಘಟ್ಟದ ಮೇಲಿನ ತಿಂಗಳು ಘಟ್ಟದ ಕೆಳಗೆ ನಡೆಯುವುದಿಲ್ಲ. ಮರಿ ಜೊತೆಗಿರುವ ತಾಯಿಹಂದಿಗೆ ಯಾವ ಕಾಲದಲ್ಲೂ ಈಡು ಇಲ್ಲ.

ಆಮೇಲೆ ಸಂಖ್ಯೆ. ಹಂದಿಯ ಗರ್ಭ ನಾಲ್ಕು ತಿಂಗಳೊಳಗಿನದು, ಹಾಕುವುದು ಹತ್ತಿರಹತ್ತಿರ ಅರ್ಧ ಡಜನ್ ಮರಿ. ಹಾಗಾಗಿ ಸಂತತಿ ನಿರ್ನಾಮವಾಗುತ್ತದೆಂಬ ಭಯ ಸದ್ಯಕ್ಕಿಲ್ಲ. ಆದರೂ ಲೆಕ್ಕ ಬೇಕೇಬೇಕು. ಹುಲಿ, ಚಿರತೆ, ಸೀಳುನಾಯಿಗೆ ಹಂದಿ ಆಹಾರ. ಅದನ್ನು ಬರಿದು ಮಾಡಿದರೆ ಅವು ನಮ್ಮ ಕೊಟ್ಟಿಗೆಗೆ ಬರುತ್ತವೆ, ಆಗ ಇನ್ನೊಂದು ಕರಪತ್ರ ಅಚ್ಚು ಹಾಕಿಸಬೇಕಾಗುತ್ತದೆ. ಹಿಂದಿನ ವರ್ಷದ ಬೆಳೆಹಾನಿಯ ದಾಖಲೆ ಮುಂದಿಟ್ಟುಕೊಂಡು ಪ್ರತಿ ಪಂಚಾಯಿತಿಗೆ ಒಂದು ಮಿತಿ ಹಾಕಬೇಕು. ಮಿತಿ ಮುಗಿದ ದಿನ ಕೋವಿ ಒಳಗೆ. ಲೆಕ್ಕ ಇಡಲು ಹೊಸ ಸಮಿತಿ ಹುಟ್ಟಿಸಬೇಡಿ. ಪ್ರತಿ ಪಂಚಾಯಿತಿಯಲ್ಲಿ ಕಾಗದದ ಮೇಲೆ ಮಲಗಿರುವ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ಎಬ್ಬಿಸಿದರಾಯಿತು.

ಮೂರನೆಯದು, ಯಾರು ಹೊಡೆಯಬೇಕು ಎನ್ನುವುದು. ಇಲ್ಲೇ ಜಗಳ ಏಳುವುದು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಊರಿನಲ್ಲಿ ಕೋವಿ ಇರುವುದು ಯಾರ ಮನೆಯಲ್ಲಿ? ಹೆಚ್ಚಾಗಿ ದೊಡ್ಡ ಹಿಡುವಳಿಯವರಲ್ಲಿ, ಅಜ್ಜನ ಕಾಲದ ಪರವಾನಗಿ ಇರುವವರಲ್ಲಿ. ಒಂದೆಕರೆ ಗದ್ದೆಯವನಿಗೆ, ಬಗರ್‌ಹುಕುಂ ಸಾಗುವಳಿಯವನಿಗೆ, ಗಂಡ ತೀರಿಕೊಂಡು ಒಬ್ಬಳೇ ತೋಟ ನೋಡುವ ಹೆಂಗಸಿಗೆ ಕೋವಿ ಇಲ್ಲ. ಅನುಮತಿ ಕೋವಿ ಇದ್ದವರ ಹೆಸರಿಗಷ್ಟೇ ಹೋದರೆ ಹಂದಿ ಹೊಡೆಯುವುದು ಅವರ ತೋಟದಲ್ಲಿ ಮಾತ್ರ. ಆದ್ದರಿಂದ ಅನುಮತಿ ಬೆಳೆ ಕಳೆದುಕೊಂಡವರ ಹೆಸರಿಗೆ ಬರಬೇಕು. ಪಟ್ಟಿಯ ಕೋವಿದಾರ ಅವರು ಕರೆದಾಗ ಹೋಗಬೇಕು, ಸರದಿ ಪ್ರಕಾರ ಹೋಗಬೇಕು, ಹೋಗದಿದ್ದರೆ ಅವನ ಹೆಸರು ಪಟ್ಟಿಯಿಂದ ತೆಗೆಯಬೇಕು. ತೋಟೆಯ ಖರ್ಚು ಪಂಚಾಯಿತಿಯದು. ಜಾತಿ, ಪಕ್ಷ ನೋಡಿ ಪಟ್ಟಿ ಮಾಡುವ ಅಧ್ಯಕ್ಷರಿದ್ದಾರೆ ಎಂದು ನಮಗೂ ಗೊತ್ತು. ಅದಕ್ಕೇ ಪಟ್ಟಿ ಗ್ರಾಮಸಭೆಯಲ್ಲಿ ಓದಿ ಒಪ್ಪಿಗೆ ಪಡೆದಿರಬೇಕು, ಪಂಚಾಯಿತಿ ಗೋಡೆಯ ಮೇಲೆ ಅಂಟಿಸಿರಬೇಕು.

ಕೋವಿ ಪರವಾನಗಿಯ ಬಗ್ಗೆ ಇನ್ನೊಂದು ಮಾತು. 1959ರ ಆಯುಧ ಕಾಯ್ದೆಯ ಕಲಂ 13 ಪ್ರಕಾರ, ನಿಜವಾಗಿ ಬೆಳೆ ಕಾಯಲು ಕೇಪಿನ ಕೋವಿ ಕೇಳುವ ರೈತನಿಗೆ ಪರವಾನಗಿ ಕೊಡಬೇಕು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ತೋಟೆ ಕೋವಿಗೂ ಕೊಡಬಹುದು. ಕ್ರಿಮಿನಲ್ ಹಿನ್ನೆಲೆಯಂಥ ಅನರ್ಹತೆ ಇಲ್ಲದ ರೈತನನ್ನು ವರ್ಷಗಟ್ಟಲೆ ಡಿಸಿ ಆಫೀಸಿಗೆ ಅಲೆಸುವುದು ಆ ಕಾಯ್ದೆಯ ಆಶಯವಲ್ಲ. 2019ರಿಂದ ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. ಎಪ್ಪತ್ತು ದಾಟಿದ ಅಪ್ಪನ ಪರವಾನಗಿಯನ್ನು ಮಗ ಅಥವಾ ಮಗಳ ಹೆಸರಿಗೆ ಕೇಳಲು 2016ರ ಆಯುಧ ನಿಯಮಗಳಲ್ಲಿ ಅವಕಾಶವಿದೆ. ಹೌದು, ಮಗಳ ಹೆಸರಿಗೂ.

ಇನ್ನು ಚುನಾವಣೆಯ ಠೇವಣಿ. ಎಲೆಕ್ಷನ್ ಘೋಷಣೆಯಾದದ್ದೇ ತಡ, ಕೋವಿ ತಂದು ಠಾಣೆಗೆ ಒಪ್ಪಿಸಿ ಎಂದು ಊರಿಗೆಲ್ಲ ನೋಟಿಸು. ಚುನಾವಣಾ ಆಯೋಗದ ಸೂಚನೆಯಲ್ಲಿ ಇರುವುದು ಹಾಗಲ್ಲ. ಜಿಲ್ಲಾ ಮಟ್ಟದ ಸ್ಕ್ರೀನಿಂಗ್ ಕಮಿಟಿ ಒಬ್ಬೊಬ್ಬರದನ್ನೂ ಪರಿಶೀಲಿಸಿ, ಜಾಮೀನಿನ ಮೇಲಿರುವವರು, ಗಲಭೆಯಲ್ಲಿ ಹೆಸರಿರುವವರು ಇತ್ಯಾದಿ ನೋಡಿ ತೀರ್ಮಾನಿಸಬೇಕು. ಬೆಳೆ ಕಾಯುವ ಎಲ್ಲರನ್ನೂ ಒಂದೇ ಗೂಟಕ್ಕೆ ಕಟ್ಟುವ ಈ ಪದ್ಧತಿ ನಿಲ್ಲಬೇಕು. ಕೊಡಗಿನವರಿಗೆ ವಿನಾಯಿತಿ ಇಲ್ಲವೇ ಎಂದು ಕೇಳುವವರಿದ್ದಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆದರೆ ಅದು ಕೋವಿ ಇಟ್ಟುಕೊಳ್ಳುವ ವಿನಾಯಿತಿ. ಹಂದಿ ಹೊಡೆಯಲು ಅವರಿಗೂ ನಮ್ಮಷ್ಟೇ ಅನುಮತಿ ಬೇಕು.

ಪರಿಸರದವರು ಕೂಗುತ್ತಾರೆ ಎಂಬ ಅಳುಕು ಬೇಡ. ಪಶ್ಚಿಮ ಘಟ್ಟದ ವರದಿ ಬರೆದ ಮಾಧವ ಗಾಡ್ಗೀಳರೇ, ರಾಷ್ಟ್ರೀಯ ಉದ್ಯಾನಗಳ ಹೊರಗೆ ಲೆಕ್ಕ ಇಟ್ಟು, ಪರವಾನಗಿ ಕೊಟ್ಟು ಬೇಟೆಗೆ ಬಿಡಬೇಕೆಂದು ಬಹಿರಂಗವಾಗಿ ವಾದಿಸಿದವರು. ಅವರ ವರದಿಯನ್ನು ಓದದೆಯೇ ಸುಟ್ಟವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ, ಇರಲಿ. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಜಿಂಕೆ, ಎಲ್ಕ್ ಬೇಟೆಯ ಕಾಲವನ್ನು ಐದು ವರ್ಷಕ್ಕೊಮ್ಮೆ, ಜನರ ಅಹವಾಲು ಕೇಳಿ, ನಿಗದಿ ಮಾಡುತ್ತಾರೆ. ಅಲ್ಲಿ ಅದು ಹವ್ಯಾಸ, ಇಲ್ಲಿ ಅನ್ನದ ಪ್ರಶ್ನೆ. ಅಲ್ಲಿಂದ ನಾವು ತರಬೇಕಾದದ್ದು ಬೇಟೆಯ ಗೀಳನ್ನಲ್ಲ, ಎಣಿಸಿ, ಕೇಳಿ, ಆಮೇಲೆ ತೀರ್ಮಾನಿಸುವ ಪದ್ಧತಿಯನ್ನು.

ಮಾಂಸದ ಆಸೆಗೆ ಈ ಬೇಡಿಕೆಯ ಹಿಂದೆ ಬರುವವರು ಇಲ್ಲೇ ನಿಲ್ಲಿ. ಹೊಡೆದ ಹಂದಿಯನ್ನು ಪಂಚಾಯಿತಿ ಮತ್ತು ಅರಣ್ಯ ಸಿಬ್ಬಂದಿಯ ಎದುರು ಹೂಳಬೇಕು. ಹಂದಿ ಪಲ್ಯದ ರುಚಿ ಬಲ್ಲವರಿಗೆ ಇದು ಸಂಕಟದ ಮಾತು, ಆದರೆ ಮಾಂಸ ಹಂಚುವುದು ಶುರುವಾದರೆ ಮರುದಿನವೇ ಬೆಳೆ ಹಾನಿಯಾಗದ ಕಡೆಯೂ ಹಂದಿ ಬೀಳುತ್ತದೆ. ವಾರಾಂತ್ಯಕ್ಕೆ ಜೀಪಿನಲ್ಲಿ ಬಂದು, ಲೈಟು ಬಿಟ್ಟು, ಕುಡಿದು ಈಡು ಹೊಡೆಯುವ ಪಟ್ಟಣದ ಮಿತ್ರರಿಗೂ ಇದರಲ್ಲಿ ಜಾಗವಿಲ್ಲ. ಜೊತೆಗಾರನನ್ನೇ ಹಂದಿ ಎಂದು ಹೊಡೆದ ಸುದ್ದಿಗಳು ನಮಗೆ ಸಾಕಾಗಿವೆ. ಈಡು ಹಾನಿಯಾದ ಜಮೀನಿನೊಳಗೆ ಮಾತ್ರ, ಜಮೀನಿನವರು ಜೊತೆಗಿರುವಾಗ, ಗಾರ್ಡಿಗೆ ಮೊದಲೇ ತಿಳಿಸಿ. ಗಾಯಗೊಂಡ ಹಂದಿ ಕಾಡು ಹೊಕ್ಕರೆ ಹಿಂದೆ ಹೋಗುವುದು ಅರಣ್ಯ ಸಿಬ್ಬಂದಿಯ ಜೊತೆ.

ಈಗ ನೀವು ಮಾಡಬೇಕಾದ ಕೆಲಸ. ಹಂದಿ ಇಳಿದ ಮಾರನೆಯ ಬೆಳಗ್ಗೆಯೇ ಸರ್ವೆ ನಂಬರ್ ಬರೆದಿಟ್ಟುಕೊಂಡು ಫೋಟೋ ತೆಗೆಯಿರಿ. ಪರಿಹಾರ ಎಷ್ಟೇ ಪುಡಿಗಾಸಾದರೂ ಇ-ಪರಿಹಾರದಲ್ಲಿ ಅರ್ಜಿ ಹಾಕಿ. ದಾಖಲೆಯಿಲ್ಲದ ಹಾನಿ ಸರ್ಕಾರದ ಪಾಲಿಗೆ ಹಾನಿಯೇ ಅಲ್ಲ. ಕಲಂ 11(1)(ಬಿ) ಎಂದು ನಮೂದಿಸಿ ರೇಂಜರ್ ಆಫೀಸಿಗೆ ಲಿಖಿತ ಅರ್ಜಿ ಕೊಡಿ, ನಕಲಿಗೆ ಸೀಲು ಹಾಕಿಸಿಕೊಳ್ಳದೆ ಬರಬೇಡಿ. ಮುಂದಿನ ಗ್ರಾಮಸಭೆಗೆ ಮನೆಗೆ ಇಬ್ಬರಂತೆ ಬನ್ನಿ, ಹೆಂಗಸರು ತಪ್ಪದೆ ಬನ್ನಿ. ಅಲ್ಲಿ ಈ ನಿರ್ಣಯ ಓದಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಪ್ರತಿಯನ್ನು ಶಾಸಕರಿಗೂ ಅರಣ್ಯ ಸಚಿವರಿಗೂ ಕಳಿಸಿ:

“ಬೆಳೆ ಹಾಳು ಮಾಡುವ ಕಾಡುಹಂದಿಯನ್ನು ನಿಗದಿತ ಕಾಲ, ನಿಗದಿತ ಸಂಖ್ಯೆಯೊಳಗೆ ಹೊಡೆಯಲು ಅನುಮತಿ ನೀಡುವ ಅಧಿಕಾರವನ್ನು ಪಂಚಾಯಿತಿ ಮಟ್ಟಕ್ಕೆ ತರಬೇಕು. ಅರ್ಜಿ ಕೊಟ್ಟ ಮೂರು ದಿನದೊಳಗೆ ತೀರ್ಮಾನ ಸಿಗಬೇಕು. ಕೋವಿದಾರರ ಪಟ್ಟಿಗೆ ಗ್ರಾಮಸಭೆಯ ಒಪ್ಪಿಗೆ ಇರಬೇಕು. ಬೆಳೆ ರಕ್ಷಣೆಯ ಕೋವಿಗಳನ್ನು ಚುನಾವಣೆ ಕಾಲದಲ್ಲಿ ಸಾರಾಸಗಟಾಗಿ ಠೇವಣಿ ಇಡಿಸಿಕೊಳ್ಳಬಾರದು. ನಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಕರೆಂಟು ತಂತಿ, ಉರುಳು, ಸಿಡಿಮದ್ದು ಇಡುವವರ ಪರ ಈ ಸಭೆ ನಿಲ್ಲುವುದಿಲ್ಲ.”

ಕೊನೆಯ ಸಾಲನ್ನು ಬಿಟ್ಟು ಉಳಿದದ್ದನ್ನು ಓದುತ್ತೇವೆ ಎನ್ನುವ ಪಂಚಾಯಿತಿಗಳಿಗೆ ಈ ಕರಪತ್ರ ಕೊಡಬೇಡಿ.

ಇಂತು,
ಮಲೆನಾಡಿನ ಕೆಲವು ಬೆಳೆಗಾರರು