ಶಾಲೆಯ ಪ್ರಯೋಗಶಾಲೆಗೆ ಬೀಗವೇಕೆ?

ಕೆಲವು ತಿಂಗಳ ಹಿಂದೆ ಕಾರ್ಯನಿಮಿತ್ತವಾಗಿ ಒಂದು ತಾಲ್ಲೂಕು ಕೇಂದ್ರಕ್ಕೆ ಹೋಗಿದ್ದಾಗ, ಅಲ್ಲಿನ ಪ್ರೌಢಶಾಲೆಯೊಂದನ್ನು ನೋಡುವ ಅವಕಾಶವು ನಮಗೆ ಒದಗಿತು. ಆ ಶಾಲೆಗೆ ಹೊಸದಾಗಿ ಒಂದು ಪ್ರಯೋಗಶಾಲೆ ಬಂದಿದೆಯೆಂದು ಕೇಳಿ, ಅದನ್ನು ಕಾಣುವ ಕುತೂಹಲದಿಂದಲೇ ನಾವು ಹೋದೆವು. ಮುಖ್ಯೋಪಾಧ್ಯಾಯರು ಆದರದಿಂದ ಬರಮಾಡಿಕೊಂಡು, ಜವಾನನನ್ನು ಕರೆದು ಬೀಗದ ಕೈ ತರಿಸಿದರು. ಬಾಗಿಲು ತೆರೆದಾಗ ಕಂಡ ದೃಶ್ಯ ಮನೋಹರವಾಗಿಯೇ ಇತ್ತು. ಗೋಡೆಗೆ ಹೊಸ ಬಣ್ಣ, ಸಾಲಾಗಿ ಮೇಜುಗಳು, ಗಾಜಿನ ಬೀರುವಿನಲ್ಲಿ ಮೈಕ್ರೊಕಂಟ್ರೋಲರ್ ಫಲಕಗಳು, ಬಗೆಬಗೆಯ ಸಂವೇದಕಗಳು, ಪುಟ್ಟ ಮೋಟಾರುಗಳು, ಮೂಲೆಯಲ್ಲಿ ಒಂದು ತ್ರೀ-ಡಿ ಪ್ರಿಂಟರ್. ಆದರೆ ಹಲವು ಉಪಕರಣಗಳು ತಾವು ಬಂದ ಪೆಟ್ಟಿಗೆಗಳಲ್ಲಿಯೇ ಇದ್ದವು. ಪ್ರಿಂಟರಿಗೆ ಹೊದಿಸಿದ ಬಟ್ಟೆಯ ಮೇಲೆ ಧೂಳು ಕುಳಿತಿತ್ತು.

ಮಕ್ಕಳು ಇಲ್ಲಿಗೆ ಯಾವಾಗ ಬರುತ್ತಾರೆಂದು ಕೇಳಿದೆವು. "ತನಿಖೆಗೆ ಬಂದವರಿಗೆ ತೋರಿಸಬೇಕಾದಾಗ ನಾಲ್ಕೈದು ಜನ ಜಾಣ ಹುಡುಗರನ್ನು ಕರೆಸುತ್ತೇವೆ. ಎಲ್ಲರ ಕೈಗೂ ಕೊಟ್ಟು ಏನಾದರೂ ಮುರಿದುಹೋದರೆ, ನಾಳೆ ಲೆಕ್ಕಪರಿಶೋಧಕರಿಗೆ ಉತ್ತರ ಹೇಳಬೇಕಾದವನು ನಾನಲ್ಲವೆ, ಸ್ವಾಮಿ?" ಎಂದರು ಅವರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅವರನ್ನು ದೂಷಿಸುವ ಮನಸ್ಸೂ ನಮಗೆ ಬರಲಿಲ್ಲ. ಆದರೆ ಆ ಬೀಗವು ಬಹಳ ದಿನ ನಮ್ಮನ್ನು ಕಾಡಿತು. ಅದರ ವಿಷಯವಾಗಿಯೇ ಇಂದು ವಾಚಕರೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇವೆ.

ಇದು ಒಂದು ಊರಿಗೆ ಮಾತ್ರ ಸಂಬಂಧಿಸಿದ ವಿಚಾರವಲ್ಲ. ಇಂತಹ ಪ್ರಯೋಗಶಾಲೆಗಳು ಇಂದು ಸರ್ಕಾರದ ಯೋಜನೆಗಳಿಂದಲೂ ದಾನಿಗಳ ನೆರವಿನಿಂದಲೂ ದೇಶದ ಎಲ್ಲೆಡೆ ಹುಟ್ಟಿಕೊಳ್ಳುತ್ತಿವೆ. ೨೦೧೬ರಲ್ಲಿ ಭಾರತ ಸರ್ಕಾರವು ನೀತಿ ಆಯೋಗದ ಆಶ್ರಯದಲ್ಲಿ ಅಟಲ್ ಇನ್ನೊವೇಷನ್ ಮಿಷನ್ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಅದರಂತೆ ೬ರಿಂದ ೧೨ನೆಯ ತರಗತಿಯವರೆಗಿನ ವಿದ್ಯಾರ್ಥಿಗಳಿಗಾಗಿ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಸ್ಥಾಪಿತವಾದವು. ಒಂದೊಂದು ಶಾಲೆಗೂ ೨೦ ಲಕ್ಷ ರೂಪಾಯಿಗಳವರೆಗೆ ಅನುದಾನ. ಅದರಲ್ಲಿ ಅರ್ಧ ಭಾಗವು ಸ್ಥಾಪನೆಗೆ, ಉಳಿದರ್ಧವು ಐದು ವರ್ಷಗಳ ನಿರ್ವಹಣೆಗೆ. ಹೀಗೆ ಸುಮಾರು ೧೦,೦೦೦ ಶಾಲೆಗಳಲ್ಲಿ ಪ್ರಯೋಗಶಾಲೆಗಳಾದ ಮೇಲೆ, ಮುಂದಿನ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ಇನ್ನೂ ೫೦,೦೦೦ವನ್ನು ತೆರೆಯುವುದಾಗಿ ೨೦೨೫ರ ಫೆಬ್ರವರಿಯ ಆಯವ್ಯಯ ಪತ್ರದಲ್ಲಿ ಘೋಷಿಸಲಾಯಿತು. ಉದ್ದೇಶವು ಸ್ತುತ್ಯವಾದದ್ದು. ಆದರೆ ಇಷ್ಟು ಬಾಗಿಲುಗಳನ್ನು ನಿಲ್ಲಿಸುವಾಗ, ಅವುಗಳ ಬೀಗದ ಕೈ ಯಾರ ಬಳಿ ಇರಬೇಕೆಂಬುದನ್ನು ಮೊದಲೇ ಯೋಚಿಸುವುದು ಮೇಲಲ್ಲವೆ?

ಬೀಗ ತೆರೆದಾಗ ಏನಾಗುತ್ತದೆಂಬುದನ್ನೂ ನಾವು ಕಂಡೆವು. ಅದೇ ತಾಲ್ಲೂಕಿನ ಇನ್ನೊಂದು ಹಳ್ಳಿಯ ಶಾಲೆಯಲ್ಲಿ ಉಪಕರಣಗಳು ಇನ್ನೂ ಕಡಮೆ. ಆದರೆ ವಿಜ್ಞಾನದ ಉಪಾಧ್ಯಾಯಿನಿಯವರು ಅವನ್ನು ಮಕ್ಕಳ ಕೈಗೆ ಕೊಟ್ಟಿದ್ದರು. ಒಂಬತ್ತನೆಯ ತರಗತಿಯ ಮಕ್ಕಳು ಶಾಲೆಯ ಕೈತೋಟಕ್ಕೆ ಯಾವಾಗ ನೀರು ಹಾಕಬೇಕೆಂಬುದನ್ನು ಯಂತ್ರದಿಂದಲೇ ತಿಳಿಯಲು ಹೊರಟಿದ್ದರು. ಉಪಾಯವು ಸರಳವಾದದ್ದು. ಒದ್ದೆಯಾದ ಮಣ್ಣಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ಒಣಮಣ್ಣಿನಲ್ಲಿ ಅದಕ್ಕೆ ರೋಧ ಹೆಚ್ಚು. ಎರಡು ಹಲ್ಲುಗಳುಳ್ಳ ಸಂವೇದಕವನ್ನು ಮಣ್ಣಿನಲ್ಲಿ ನೆಟ್ಟು, ಒಂದು ಹಲ್ಲಿನಿಂದ ಇನ್ನೊಂದಕ್ಕೆ ವಿದ್ಯುತ್ತು ಎಷ್ಟು ಹರಿಯುತ್ತದೆಂಬುದನ್ನು ಮೈಕ್ರೊಕಂಟ್ರೋಲರಿನಿಂದ ಅಳೆದರೆ ತೇವದ ಅಂದಾಜು ದೊರೆಯುತ್ತದೆ. ಯಾವ ಬಾಲಕನೂ ರಾತ್ರಿಯೆಲ್ಲ ಗಿಡದ ಪಕ್ಕದಲ್ಲಿ ಕುಳಿತಿರಲಾರ. ಯಂತ್ರವಾದರೋ ಅರ್ಧ ಗಂಟೆಗೊಮ್ಮೆ, ದಿನಕ್ಕೆ ೪೮ ಸಲ ಬೇಸರವಿಲ್ಲದೆ ಬರೆದಿಡುತ್ತದೆ. ಹೊಸ ತಂತ್ರಜ್ಞಾನವು ಬಾಲಕನ ಕೈಗೆ ತಂದುಕೊಡುವ ನಿಜವಾದ ಬಲವೆಂದರೆ ಇದೇ.

ಕೆಲವು ವಾರಗಳ ಕಾಲ ಎಲ್ಲವೂ ಸರಿಯಾಗಿ ನಡೆಯಿತು. ಅನಂತರ ಒಂದು ದಿನ, ಆಗತಾನೆ ನೀರು ಹಾಕಿದ್ದ ಪಾತಿಯನ್ನು ಯಂತ್ರವು ಒಣಗಿದೆಯೆಂದು ಹೇಳತೊಡಗಿತು. ಮಕ್ಕಳು ಸಂವೇದಕವನ್ನು ಕಿತ್ತು ನೋಡಿದರು. ಅದರ ಒಂದು ಹಲ್ಲಿನ ಮೇಲಿನ ತಾಮ್ರವೆಲ್ಲ ಸವೆದುಹೋಗಿತ್ತು. ಇನ್ನೊಂದು ಹಲ್ಲು ಬಹುಮಟ್ಟಿಗೆ ಹಾಗೆಯೇ ಇತ್ತು. "ಮಣ್ಣು ತಿಂದಿದ್ದರೆ ಎರಡನ್ನೂ ತಿನ್ನಬೇಕಿತ್ತಲ್ಲ, ಮಿಸ್? ಒಂದನ್ನೇ ಯಾಕೆ ತಿಂದಿತು?" ಎಂದು ಒಬ್ಬ ಹುಡುಗಿ ಕೇಳಿದಳಂತೆ.

ಆ ಪ್ರಶ್ನೆಯ ಬೆಲೆ ಎಷ್ಟೆಂಬುದನ್ನು ವಿಜ್ಞಾನ ಬಲ್ಲವರು ಅರಿಯುವರು. ಮಣ್ಣಿನ ನೀರಿನಲ್ಲಿ ಲವಣಗಳು ಕರಗಿರುತ್ತವೆ. ಅದರೊಳಗೆ ಒಂದೇ ದಿಕ್ಕಿನಲ್ಲಿ ಸದಾ ವಿದ್ಯುತ್ತನ್ನು ಹರಿಸಿದರೆ ಧನಾಗ್ರದ ಲೋಹವು ಕರಗುತ್ತ ಹೋಗುತ್ತದೆ. ಇದೇ ವಿದ್ಯುದ್ವಿಭಜನೆ. ಪಠ್ಯಪುಸ್ತಕದಲ್ಲಿ ಮಕ್ಕಳು ಗಾಜಿನ ಪಾತ್ರೆಯ ಚಿತ್ರವನ್ನು ನೋಡಿ ಬಾಯಿಪಾಠ ಮಾಡುವ ವಿಷಯವು, ಇಲ್ಲಿ ಅವರದೇ ಕೈತೋಟದ ಮಣ್ಣಿನಲ್ಲಿ ಅವರದೇ ಯಂತ್ರವನ್ನು ಕೆಡಿಸಿ ತನ್ನ ಇರವನ್ನು ತೋರಿಸಿಕೊಟ್ಟಿತ್ತು. ಕಾರಣ ತಿಳಿದ ಮೇಲೆ ಪರಿಹಾರವೂ ಹೊಳೆಯಿತು. ವಿದ್ಯುತ್ತನ್ನು ಸದಾ ಹರಿಸದೆ, ಅಳೆಯುವ ಆ ಒಂದು ಕ್ಷಣ ಮಾತ್ರ ಹರಿಸುವಂತೆ ಮಕ್ಕಳು ತಮ್ಮ ಆದೇಶಗಳನ್ನು ತಿದ್ದಿದರು. ಹೊಸ ಸಂವೇದಕವು ಹಿಂದಿನದಕ್ಕಿಂತ ಬಹಳ ಹೆಚ್ಚು ಕಾಲ ಬಾಳಿತು.

ಆದರೆ ದಾಸ್ತಾನು ಪುಸ್ತಕದಲ್ಲಿ ಈ ಕಥೆಗೆ ಸ್ಥಳವಿಲ್ಲ. ಅಲ್ಲಿ ಉಳಿಯುವುದು "ಸಂವೇದಕ ಒಂದು, ಹಾನಿ" ಎಂಬಷ್ಟು ಮಾತ್ರ. ನೂರು ರೂಪಾಯಿಗೂ ಕಡಮೆ ಬೆಲೆಯ ಆ ವಸ್ತುವನ್ನು ಉಪಾಧ್ಯಾಯಿನಿಯವರು ತಮ್ಮ ಕೈಯಿಂದಲೇ ಹಣ ಹಾಕಿ ತರಿಸಿದ್ದರು. ಮೊದಲು ಕಂಡ ಶಾಲೆಯ ದಾಸ್ತಾನು ಪುಸ್ತಕದಲ್ಲಿ ಒಂದು ಹಾನಿಯೂ ಇರಲಿಲ್ಲ. ಲೆಕ್ಕದ ದೃಷ್ಟಿಯಿಂದ ಅದು ಆದರ್ಶ ಶಾಲೆ. ವಿದ್ಯೆಯ ದೃಷ್ಟಿಯಿಂದ ಅಲ್ಲಿ ನಷ್ಟವಾದದ್ದು ಇಡೀ ಪ್ರಯೋಗಶಾಲೆ. ನಮ್ಮ ಲೆಕ್ಕದ ಕ್ರಮವೇ ಹೀಗಿರುವಾಗ, ಉಪಾಧ್ಯಾಯರು ಬೀಗ ಹಾಕದೆ ಇನ್ನೇನು ಮಾಡಿಯಾರು?

ತಪ್ಪು ಮಾಡುವುದು ಕಲಿಕೆಯ ಒಂದು ಅಂಗವೆಂಬ ಮಾತು ಹೊಸದಲ್ಲ. ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯ ಗಣಿತಜ್ಞ ಸೀಮೋರ್ ಪ್ಯಾಪರ್ಟ್ ಅವರು ೧೯೬೭ರಲ್ಲಿ ತಮ್ಮ ಸಂಗಡಿಗರೊಡನೆ ಮಕ್ಕಳಿಗಾಗಿ ಲೋಗೊ ಎಂಬ ಗಣಕಭಾಷೆಯನ್ನು ರೂಪಿಸಿದರು. ಅದರಲ್ಲಿ ಮಗುವು ಒಂದು ಆಮೆಗೆ ಆದೇಶ ಕೊಟ್ಟು ಚಿತ್ರ ಬರೆಯಿಸುತ್ತದೆ. ಸಮಬಾಹು ತ್ರಿಭುಜದ ಕೋನವು ೬೦ ಡಿಗ್ರಿ ಎಂದು ಬಲ್ಲ ಮಗು, ಸ್ವಲ್ಪ ದೂರ ಮುಂದೆ ಹೋಗಿ ೬೦ ಡಿಗ್ರಿ ತಿರುಗು ಎಂದು ಮೂರು ಸಲ ಹೇಳುತ್ತದೆ. ಮೂಡುವುದು ತ್ರಿಭುಜವಲ್ಲ, ಷಡ್ಭುಜದ ಅರ್ಧಭಾಗ! ಆಮೆ ತಿರುಗಬೇಕಾದದ್ದು ಒಳಗಿನ ಕೋನದಷ್ಟಲ್ಲ, ಹೊರಗಿನ ೧೨೦ ಡಿಗ್ರಿಯಷ್ಟು ಎಂಬುದು ಮಗುವಿಗೆ ಆಗ ತಾನಾಗಿಯೇ ಹೊಳೆಯುತ್ತದೆ. ಈ ಮಗುವಿಗೆ ಯಾರೂ ಸೊನ್ನೆ ಹಾಕುವುದಿಲ್ಲ. ತಪ್ಪೆಂದರೆ ಶಿಕ್ಷೆಗೆ ಕಾರಣವಲ್ಲ, ಹುಡುಕಿ ತಿದ್ದಬೇಕಾದ ವಸ್ತು ಎಂಬುದೇ ಪ್ಯಾಪರ್ಟ್ ಅವರ ವಿಚಾರದ ತಿರುಳು.

ದೂರದ ದೇಶಕ್ಕೆ ಹೋಗುವ ಅಗತ್ಯವೂ ಇಲ್ಲ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ (ಈಗ ಅದು ನರ್ಮದಾಪುರಂ) ೧೯೭೨ರಲ್ಲಿ ಹದಿನಾರು ಮಾಧ್ಯಮಿಕ ಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮವು ಮಕ್ಕಳೇ ಪ್ರಯೋಗ ಮಾಡಿ ಕಲಿಯುವಂತೆ ಏರ್ಪಡಿಸಿತು. ೧೯೭೮ರಲ್ಲಿ ಅದು ಇಡೀ ಜಿಲ್ಲೆಗೆ ಹಬ್ಬಿತು. ಅಲ್ಲಿನ ಉಪಕರಣಗಳು ಅಗ್ಗದವು. ಆದರೆ ಆ ಕಾರ್ಯಕ್ರಮದ ಶಕ್ತಿ ಉಪಕರಣಗಳಲ್ಲಿ ಮಾತ್ರ ಇರಲಿಲ್ಲ. ಉಪಾಧ್ಯಾಯರು ಮೊದಲು ತಾವೇ ಪ್ರಯೋಗಗಳನ್ನು ಮಾಡಿ ಕಲಿತರು. ಆಗಾಗ ಸಭೆ ಸೇರಿ ತಮ್ಮ ಕಷ್ಟಗಳನ್ನು ಚರ್ಚಿಸಿದರು. ಪರೀಕ್ಷೆಯೂ ಬದಲಾಯಿತು. ಮಕ್ಕಳು ಪುಸ್ತಕವನ್ನು ತೆರೆದಿಟ್ಟುಕೊಂಡೇ ಉತ್ತರ ಬರೆದರು. ಪ್ರಯೋಗವನ್ನು ಮಾಡಿ ತೋರಿಸಿದರು. ೨೦೦೨ರಲ್ಲಿ ಸರ್ಕಾರದ ಆದೇಶದಿಂದ ನಿಲ್ಲುವವರೆಗೆ ಮೂವತ್ತು ವರ್ಷಗಳ ಕಾಲ ಅದು ನಡೆಯಿತು. ಉಪಕರಣ, ಉಪಾಧ್ಯಾಯ, ಪರೀಕ್ಷೆ ಈ ಮೂರೂ ಒಟ್ಟಿಗೆ ಬದಲಾದುದರಿಂದಲೇ ಅದು ಅಷ್ಟು ದೀರ್ಘಕಾಲ ಬಾಳಿತೆಂದು ನಮ್ಮ ನಂಬಿಕೆ. ಇಂದು ನಾವು ಮೊದಲನೆಯದನ್ನು ಮಾತ್ರ ಹಣ ಕೊಟ್ಟು ತಂದು, ಉಳಿದೆರಡನ್ನು ಇದ್ದಲ್ಲಿಯೇ ಬಿಟ್ಟಿದ್ದೇವೆ.

ಸರಿಯಾದ ಶೌಚಾಲಯವಿಲ್ಲದ, ಸಾಕಷ್ಟು ಉಪಾಧ್ಯಾಯರಿಲ್ಲದ ಶಾಲೆಗಳಿರುವಾಗ ಈ ದುಬಾರಿ ಆಟಿಕೆಗಳೇಕೆ ಎಂದು ಕೆಲವರು ಆಕ್ಷೇಪಿಸುವರು. ಆ ಕೊರತೆಗಳು ಮೊದಲು ನೀಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಬಡವರ ಮಕ್ಕಳಿಗೆ ಬಾಯಿಪಾಠ, ಉಳ್ಳವರ ಮಕ್ಕಳಿಗೆ ಪ್ರಯೋಗ ಎಂಬ ಭೇದವನ್ನು ನಾವು ಒಪ್ಪಲಾರೆವು. ಮನೆಯಲ್ಲಿ ಗಣಕವಿರುವ ಮಗುವಿಗೆ ಶಾಲೆಯ ಬಾಗಿಲು ಮುಚ್ಚಿದ್ದರೂ ಬೇರೆ ಬಾಗಿಲುಗಳುಂಟು. ಹಳ್ಳಿಯ ಮಗುವಿಗೆ ಇರುವುದು ಅದೊಂದೇ. ಅಲ್ಲದೆ, ಎಲ್ಲವೂ ದುಬಾರಿಯಾಗಿರಬೇಕೆಂಬ ನಿಯಮವೂ ಇಲ್ಲ. ಬೆಂಕಿಕಡ್ಡಿಗಳನ್ನೂ ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳನ್ನೂ ಜೋಡಿಸಿ ರೇಖಾಗಣಿತವನ್ನು ಕಲಿಸಬಹುದೆಂದು ಅರವಿಂದ ಗುಪ್ತಾ ಅವರು ತೋರಿಸಿಕೊಟ್ಟಿದ್ದಾರೆ. ಬೆಂಕಿಕಡ್ಡಿಯೂ ಮೈಕ್ರೊಕಂಟ್ರೋಲರೂ ಒಂದೇ ಮೇಜಿನ ಮೇಲೆ ಇರಲಿ. ಯಾವುದು ಎಲ್ಲಿ ಬೇಕೆಂಬುದನ್ನು ಕೆಲಸವೇ ಹೇಳುವುದು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಪ್ರಯೋಗಶಾಲೆಯ ಕೆಲಸಕ್ಕೆ ವೇಳಾಪಟ್ಟಿಯಲ್ಲಿ ಸ್ಥಳವಿರಬೇಕು. ವಾರಕ್ಕೆ ಎರಡು ಅವಧಿಗಳು ಒಟ್ಟಿಗೆ, ಆರಿಸಿದ ಐವರಿಗಲ್ಲ, ತರಗತಿಯ ಪ್ರತಿಯೊಂದು ಮಗುವಿಗೂ. ಎರಡನೆಯದಾಗಿ, ಕಲಿಕೆಯಲ್ಲಿ ಸವೆದ ಮತ್ತು ಮುರಿದ ವಸ್ತುಗಳಿಗೆಂದೇ ವರ್ಷಕ್ಕೆ ಇಷ್ಟೆಂದು ಹಣವನ್ನು ಗೊತ್ತುಮಾಡಿ, ಅದನ್ನು ಬರೆಯಲು ದಾಸ್ತಾನು ಪುಸ್ತಕದಲ್ಲಿ ಬೇರೆ ಅಂಕಣವನ್ನೇ ತೆರೆಯಬೇಕು. ಆ ಮಿತಿಯೊಳಗಿನ ಹಾನಿಗೆ ಉಪಾಧ್ಯಾಯರು ಯಾರಿಗೂ ಉತ್ತರ ಹೇಳಬೇಕಾಗಿರಬಾರದು. ತನಿಖೆಗೆ ಬರುವ ಅಧಿಕಾರಿಗಳು "ಏನು ಮುರಿಯಿತು?" ಎಂದು ಕೇಳುವುದರ ಜೊತೆಗೆ "ಏಕೆ ಏನೂ ಮುರಿದಿಲ್ಲ?" ಎಂದೂ ಕೇಳಲಿ. ಮೂರನೆಯದಾಗಿ, ಉಪಾಧ್ಯಾಯರಿಗೆ ಎರಡು ದಿನದ ಉಪನ್ಯಾಸ ಸಾಲದು; ತಾವೇ ಕೈಯಿಟ್ಟು ಕೆಡಿಸಿ ಕಲಿಯಲು ಅವಕಾಶವೂ, ತಿಂಗಳಿಗೊಮ್ಮೆ ಪರಸ್ಪರ ಕಲೆತು ಮಾತಾಡಲು ಬಿಡುವೂ ಬೇಕು. ನಾಲ್ಕನೆಯದಾಗಿ, ಮಗು ತನ್ನ ಪ್ರಯೋಗದಲ್ಲಿ ಎಲ್ಲಿ ತಪ್ಪಿತು, ಹೇಗೆ ತಿದ್ದಿಕೊಂಡಿತು ಎಂದು ಬರೆದಿಟ್ಟ ಪುಸ್ತಕಕ್ಕೆ ಪರೀಕ್ಷೆಯಲ್ಲಿ ಅಂಕಗಳಿರಬೇಕು. ಪರೀಕ್ಷೆಯಲ್ಲಿ ಇಲ್ಲದ್ದು ಶಾಲೆಯಲ್ಲಿಯೂ ಇರುವುದಿಲ್ಲವೆಂಬುದು ನಮ್ಮ ನಾಡಿನ ಕಟು ಸತ್ಯ.

ಇವುಗಳಲ್ಲಿ ಯಾವುದೂ ಪ್ರಯೋಗಶಾಲೆಯನ್ನು ಕಟ್ಟುವಷ್ಟು ಖರ್ಚಿನದಲ್ಲ. ಬೇಕಾದುದು ಹಣಕ್ಕಿಂತ ಹೆಚ್ಚಾಗಿ ನಂಬಿಕೆ: ಉಪಾಧ್ಯಾಯರಲ್ಲಿ ಇಲಾಖೆಯ ನಂಬಿಕೆ, ಮಕ್ಕಳಲ್ಲಿ ಉಪಾಧ್ಯಾಯರ ನಂಬಿಕೆ.

ಕೈ ಕೆಸರಾದರೆ ಬಾಯಿ ಮೊಸರು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕೆಸರಾಗದ ಕೈಗಳನ್ನೂ ಧೂಳು ಕುಳಿತ ಯಂತ್ರಗಳನ್ನೂ ಇಟ್ಟುಕೊಂಡು ವಿಜ್ಞಾನದ ಫಲವನ್ನು ಬಯಸುವುದು ನ್ಯಾಯವಲ್ಲ. ವಾಚಕರಲ್ಲಿ ಅನೇಕರು ಪೋಷಕರು. ಕೆಲವರು ಶಾಲಾಭಿವೃದ್ಧಿ ಸಮಿತಿಗಳ ಸದಸ್ಯರೂ ಆಗಿರಬಹುದು. ಮುಂದಿನ ಸಲ ತಮ್ಮ ಊರಿನ ಶಾಲೆಗೆ ಹೋದಾಗ, ಪ್ರಯೋಗಶಾಲೆ ಇದೆಯೆ ಎಂದು ಕೇಳಿ ಸುಮ್ಮನಾಗದೆ, ಅದರ ಬೀಗವು ವಾರಕ್ಕೆ ಎಷ್ಟು ಸಲ ತೆರೆಯುತ್ತದೆ ಎಂದು ಕೇಳಬೇಕಾಗಿ ಅವರಲ್ಲಿ ನಮ್ಮ ಪ್ರಾರ್ಥನೆ.