ಗರಿಗರಿ ಬಿಯರಿನ ಕನ್ನಡ

ಕಳೆದ ವರ್ಷ ಒಂದು ಅನುವಾದ ಏಜೆನ್ಸಿಯಿಂದ ಕೆಲಸ ಬಂತು. ಯಾವುದೋ ಆ್ಯಪ್‌ಗೆ ಬೇಕಾದ ಬಿಯರುಗಳ ರುಚಿ-ಟಿಪ್ಪಣಿ, ಆರು ಭಾರತೀಯ ಭಾಷೆಗಳಿಗೆ. ಪದಪಟ್ಟಿಯನ್ನು ಅವರೇ ಮಾಡಿಟ್ಟಿದ್ದರು. ಕ್ರಿಸ್ಪ್ ಅಂದರೆ ಗರಿಗರಿ. ಡ್ರೈ ಅಂದರೆ ಒಣ. ಬಾಡಿ ಅಂದರೆ ದೇಹ, ನೋಸ್ ಅಂದರೆ ಮೂಗು, ಫಿನಿಶ್ ಅಂದರೆ ಮುಕ್ತಾಯ. ಬ್ಲಾಂಡ್ ಏಲ್‌ನಲ್ಲಿರುವ ಬ್ಲಾಂಡ್‌ಗೆ ‘ಹೊಂಗೂದಲಿನ’. ಈ ಪಟ್ಟಿಯನ್ನು ನಿಷ್ಠೆಯಿಂದ ಪಾಲಿಸಿದರೆ ಸಿಗುವ ವಾಕ್ಯ ಇದು: ‘ಹೊಂಗೂದಲಿನ ಈ ಬಿಯರಿಗೆ ಹಗುರ ದೇಹ, ಹಣ್ಣಿನ ಮೂಗು, ಗರಿಗರಿಯಾದ ಒಣ ಮುಕ್ತಾಯವಿದೆ.’ ಚಕ್ಕುಲಿ ಡಬ್ಬದ ಮೇಲೆ ಬರೆಯಬೇಕಾದ್ದು ಅರ್ಧ, ವಧೂವರರ ಅಂಕಣದ್ದು ಇನ್ನರ್ಧ.

ನಾನು ತಕರಾರು ತೆಗೆದೆ. ಉತ್ತರ ಒಂದೇ ಸಾಲಿನಲ್ಲಿ ಬಂತು: ಕನ್ನಡದಲ್ಲಿ ಇದಕ್ಕೆಲ್ಲ ಪದಗಳಿಲ್ಲ, ಇಂಗ್ಲಿಷ್ ಪದಗಳನ್ನೇ ಕನ್ನಡ ಲಿಪಿಯಲ್ಲಿ ಬರೆಯಿರಿ. ಒಂದು ವಾರ ಬಿಟ್ಟು ಕನ್ನಡವನ್ನೇ ಕೈಬಿಟ್ಟರು. ಹೋದ ಕೆಲಸಕ್ಕಿಂತ ಹೆಚ್ಚು ನೋವಾದದ್ದು, ಈ ಕತೆ ಕೇಳಿದ ನಮ್ಮವರೇ ತಲೆಯಾಡಿಸಿದ್ದಕ್ಕೆ. ‘ಹೌದಲ್ಲ, ಬಿಯರ್ ಬಗ್ಗೆ ಕನ್ನಡದಲ್ಲಿ ಏನಂತ ಬರೀತೀರಿ?’ ಎಂದು ಮುಂಬೈಯ ಒಬ್ಬ ಹಿತೈಷಿ. ‘ಬರೆಯೋದಾದರೂ ಯಾಕೆ?’ ಎಂದು ಇನ್ನೊಬ್ಬರು. ಮೊದಲನೆಯವರದು ಭಾಷೆಯ ಬಗ್ಗೆ ಅಪನಂಬಿಕೆ, ಎರಡನೆಯವರದು ಕುಡಿತದ ಬಗ್ಗೆ ಮುಜುಗರ. ಇಬ್ಬರೂ ತಪ್ಪು ಎನ್ನುವುದಕ್ಕೆ ಈ ಪತ್ರ.

ಸಾಕ್ಷಿಯಾಗಿ ಒಂದು ಬಾಟಲಿ. ಬೇಸಿಗೆಯಲ್ಲಿ ಇಂಗ್ಲೆಂಡಿನಿಂದ ಬಂದ ಗೆಳೆಯ ಪುಣೆಗೆ ತಂದದ್ದು. ಅಲ್ಲಿನ ಒಂದು ಸಣ್ಣ ಬ್ರೂವರಿ ಮಾಡಿದ, ಬೆಲ್ಜಿಯನ್ ಶೈಲಿಯ ಸ್ಟ್ರಾಂಗ್ ಬ್ಲಾಂಡ್ ಏಲ್. 330 ಮಿಲಿ, ಶೇಕಡಾ 8.4 ಆಲ್ಕೋಹಾಲ್. ಕುಡಿದವರು ಮೂವರು: ಧಾರವಾಡದ ಆ ಗೆಳೆಯ, ಮೈಸೂರಿನ ಒಬ್ಬಳು ಗೆಳತಿ, ಮತ್ತು ನಾನು. ಟ್ಯೂಲಿಪ್ ಆಕಾರದ ಗ್ಲಾಸಿನಲ್ಲಿ ಕುಡಿಯಬೇಕಂತೆ. ನಮ್ಮಲ್ಲಿದ್ದದ್ದು ಗಾಜಿನ ಲೋಟ. ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಹೊರಗಿಟ್ಟೆವು, ಏಕೆಂದರೆ ನಾಲಿಗೆ ಜುಮ್ಮೆನ್ನುವಷ್ಟು ತಣ್ಣಗಿದ್ದರೆ ಯಾವ ಪರಿಮಳವೂ ಏಳುವುದಿಲ್ಲ.

ಬಗ್ಗಿಸಿದ ಕೂಡಲೇ ಲೋಟದ ಅರ್ಧ ನೊರೆ. ಮೊಸರು ಕಡೆಯುವಾಗ ಏಳುವಂಥ ದಪ್ಪ ಬಿಳಿ ನೊರೆ, ಬೇಗ ಇಳಿಯದ್ದು. ಇಂಥ ಬಿಯರಿಗೆ ಬಾಟಲಿ ಮುಚ್ಚುವ ಮೊದಲು ಇನ್ನೊಂದಿಷ್ಟು ಸಕ್ಕರೆ ಹಾಕುತ್ತಾರೆ. ಒಳಗೆ ಉಳಿದ ಯೀಸ್ಟ್ ಅದನ್ನು ತಿಂದು ಗ್ಯಾಸ್ ಬಿಡುತ್ತದೆ, ಗ್ಯಾಸ್ ಹೊರಗೆ ಹೋಗಲಾರದೆ ಬಿಯರಿನಲ್ಲೇ ಕರಗುತ್ತದೆ. ಕೆಲಸ ಮುಗಿಸಿದ ಯೀಸ್ಟ್ ತಳಕ್ಕೆ ಕೂರುತ್ತದೆ. ಇಂಗ್ಲಿಷಿನವರು ಅದನ್ನು ಸೆಡಿಮೆಂಟ್ ಎನ್ನುತ್ತಾರೆ, ಮಣ್ಣಿಗೂ ಅದೇ ಪದ. ನಮ್ಮಲ್ಲಿ ಗಸಿ ಇದೆ. ತುಪ್ಪ ಕಾಯಿಸಿದವರಿಗೆ ಬಾಟಲಿಯ ಕೊನೆಯ ಒಂದಿಂಚನ್ನು ಅಲುಗಿಸದೆ ಬಿಡುವುದು ಹೇಗೆಂದು ಯಾರೂ ಹೇಳಿಕೊಡಬೇಕಿಲ್ಲ.

ಆಮೇಲೆ ವಾಸನೆ. ಟಿಪ್ಪಣಿಗಳಲ್ಲಿ ಇಂಥ ಬಿಯರಿಗೆ ‘ಬನಾನ, ಕ್ಲೋವ್’ ಎಂದು ಬರೆದಿರುತ್ತದೆ. ಬಾಳೆಹಣ್ಣನ್ನೂ ಲವಂಗವನ್ನೂ ಯಾರೂ ಹಾಕಿರುವುದಿಲ್ಲ. ಎರಡೂ ಯೀಸ್ಟಿನ ಕೆಲಸ. ಬಾಳೆಯ ವಾಸನೆಗೆ ಕಾರಣ ಐಸೊಅಮೈಲ್ ಅಸಿಟೇಟ್, ಹಣ್ಣಾಗುವ ಬಾಳೆಯಲ್ಲೂ ಇರುವ ಅದೇ ವಸ್ತು. ಲವಂಗದ ಘಾಟಿಗೆ ಕಾರಣ ಮಾಲ್ಟ್‌ನಲ್ಲಿರುವ ಫೆರುಲಿಕ್ ಆಮ್ಲವನ್ನು ಯೀಸ್ಟ್ ಮುರಿದಾಗ ಹುಟ್ಟುವ ಇನ್ನೊಂದು ಸಂಯುಕ್ತ. ಅದಿರಲಿ. ಬನಾನ ಅಂದರೆ ಯಾವ ಬಾಳೆ? ಇಂಗ್ಲೆಂಡಿನ ಅಂಗಡಿಗಳಲ್ಲಿ ಸಿಗುವುದು ಬಹುಮಟ್ಟಿಗೆ ಒಂದೇ ಜಾತಿ, ನಮ್ಮ ಪಚ್ಚಬಾಳೆಯ ಬಳಗದ್ದು. ಅವರಿಗೆ ಒಂದು ಪದ ಸಾಕು. ನಾವು ಮೂವರೂ ಮೂಸಿ ಒಪ್ಪಿದ್ದು ಪಚ್ಚಬಾಳೆಯನ್ನಲ್ಲ: ಸಿಪ್ಪೆಯ ಮೇಲೆ ಕರಿ ಚುಕ್ಕೆ ಬಿದ್ದ, ತೊಟ್ಟು ಕಳಚಿದ ಏಲಕ್ಕಿ ಬಾಳೆ. ದೇವರ ಮುಂದಿಟ್ಟು ಎರಡು ದಿನ ಮರೆತದ್ದು. ಇಲ್ಲಿ ಕನ್ನಡ ಬಡವಾಯಿತೇ?

ಧಾರವಾಡದವನು ಎರಡನೇ ಗುಟುಕಿಗೆ ಲೋಟ ಕೆಳಗಿಟ್ಟ. ‘ಏ, ಹವೀಜ ಹುರದಾಗ ಬರ್ತದಲ್ಲ, ಆ ವಾಸನಿ.’ ಮೈಸೂರಿನವಳಿಗೆ ಹವೀಜ ಅರ್ಥವಾಗಲಿಲ್ಲ. ‘ಕೊತ್ತಂಬರಿ ಬೀಜ’ ಎಂದೆ. ಲೇಬಲ್ ತಿರುಗಿಸಿ ನೋಡಿದರೆ ಕೊರಿಯಾಂಡರ್ ಎಂದು ನಮೂದಾಗಿತ್ತು. (ಎಲ್ಲ ಬ್ಲಾಂಡ್ ಏಲ್‌ಗಳಿಗೂ ಅದನ್ನು ಹಾಕುವುದಿಲ್ಲ, ಈ ಬ್ರೂವರಿಯವರು ಹಾಕಿದ್ದಾರೆ.) ಬ್ರಿಟಿಷ್ ಇಂಗ್ಲಿಷಿನಲ್ಲಿ ಸೊಪ್ಪಿಗೂ ಬೀಜಕ್ಕೂ ಅದೊಂದೇ ಹೆಸರು. ನಮ್ಮ ಪದಪಟ್ಟಿ ಅದಕ್ಕೆ ‘ಕೊತ್ತಂಬರಿ ಸೊಪ್ಪು’ ಎಂದು ಕೊಟ್ಟಿತ್ತು. ಸಾರಿಗೆ ಹಾಕುವುದು ಯಾವುದು, ಸಾರಿನಪುಡಿಗೆ ಹಾಕುವುದು ಯಾವುದು ಎಂದು ಗೊತ್ತಿಲ್ಲದವರು ಮಾಡಿದ ಪಟ್ಟಿ.

ಇನ್ನು ಆ ‘ಒಣ’ದ ವಿಚಾರ. ಬಿಯರ್ ಡ್ರೈ ಅಂದರೆ ಸಿಹಿ ಉಳಿದಿಲ್ಲ ಎಂದರ್ಥ. ಇದರಲ್ಲೊಂದು ಸೋಜಿಗವಿದೆ: ಬೆಲ್ಜಿಯನ್ ರೀತಿಯ ಸ್ಟ್ರಾಂಗ್ ಬ್ಲಾಂಡ್‌ಗಳಿಗೆ ಕುದಿಸುವಾಗ ಸಾಮಾನ್ಯವಾಗಿ ಸಕ್ಕರೆ ಹಾಕುತ್ತಾರೆ, ಹಾಕುವುದರಿಂದ ಬಿಯರ್ ತೆಳ್ಳಗಾಗುತ್ತದೆ. ಮಾಲ್ಟ್‌ನ ಸಕ್ಕರೆಯಲ್ಲಿ ಯೀಸ್ಟಿಗೆ ಜೀರ್ಣವಾಗದ ಭಾಗ ಒಂದಿಷ್ಟು ಉಳಿಯುತ್ತದೆ. ಬರಿಯ ಸಕ್ಕರೆಯನ್ನು ಅದು ಪೂರ್ತಿ ತಿಂದುಬಿಡುತ್ತದೆ. ಆಲ್ಕೋಹಾಲ್ ಏರುತ್ತದೆ, ಜಿಗುಟು ಏರುವುದಿಲ್ಲ. ಇದನ್ನು ಹೇಳಲು ಒಂದು ಪದ ಬೇಕೇ ಬೇಕೆಂದು ಹಟ ಹಿಡಿದವರಿಗೆ ‘ಒಣ’ ಹೊಳೆಯುತ್ತದೆ. ‘ಸಿಹಿ ನಿಲ್ಲುವುದಿಲ್ಲ’ ಎಂದರೆ ಮುಗಿಯಿತು. ಒಗರು ಎಂದೂ ಬರೆಯಬಾರದು. ಒಗರು ಅಡಿಕೆಯದ್ದು, ಎಳೆ ನೆಲ್ಲಿಕಾಯಿಯದ್ದು, ನಾಲಿಗೆ ಹಿಡಿಯುವಂಥದ್ದು. ಇಂಗ್ಲಿಷಿನ ಸಾಮಾನ್ಯ ಓದುಗ ಡ್ರೈ ಮತ್ತು ಅಸ್ಟ್ರಿಂಜೆಂಟ್‌ಗಳನ್ನು ಕಲಸಿಬಿಡುತ್ತಾನೆ. ನಮ್ಮ ಮನೆಯ ಮಕ್ಕಳು ಕಲಸುವುದಿಲ್ಲ.

ಉಳಿದದ್ದು ‘ಸ್ಟ್ರಾಂಗ್’. ನಿಜವಾದ ಜಗಳ ಇರುವುದು ಇಲ್ಲಿ. ಬ್ರಿಟನ್ನಿನ ತೆರಿಗೆಯವರಿಗೆ ಅದು ಒಂದು ಅಂಕಿ. 2011ರಲ್ಲಿ ಶೇಕಡಾ 7.5 ದಾಟಿದ ಬಿಯರಿಗೆ ಅಲ್ಲಿ ಹೆಚ್ಚುವರಿ ಸುಂಕ ಹಾಕಿದರು. 2023ರ ಹೊಸ ಪದ್ಧತಿಯಲ್ಲಿ ಗೆರೆ 8.5ಕ್ಕೆ ಹೋಯಿತು. ನಮ್ಮ ಬಾಟಲಿಯ 8.4 ಎಲ್ಲಿಂದ ಬಂದಿರಬಹುದೆಂದು ನೀವೇ ಊಹಿಸಿ. ಭಾರತದ ನಿಯಮದಲ್ಲಿ ಶೇಕಡಾ 5 ದಾಟಿದರೆ ಸ್ಟ್ರಾಂಗ್, 8ಕ್ಕೆ ಮಿತಿ. ಇಲ್ಲಿ ಮಾರಾಟವಾಗುವ ಬಿಯರಿನಲ್ಲಿ ದೊಡ್ಡ ಪಾಲು ಸ್ಟ್ರಾಂಗೇ. ಕೌಂಟರಿನಲ್ಲಿ ಕೇಳುವ ಪ್ರಶ್ನೆ ‘ಹೇಗಿದೆ?’ ಅಲ್ಲ, ‘ಎಷ್ಟು ಪರ್ಸೆಂಟ್?’ ರುಚಿಗೆ ಮಾತಿಲ್ಲದ ಕಡೆ ಉಳಿಯುವುದು ಅಂಕಿ ಮಾತ್ರ, ಅಂಕಿಗೆ ಗೊತ್ತಿರುವುದು ಏರುವುದೊಂದೇ.

ಪುಣೆ-ಮುಂಬೈ ಕನ್ನಡಿಗರ ಬಾಯಲ್ಲಿ ಖಡಕ್ ಇದೆ, ಖಡಕ್ ಚಹಾ. ಸುಲಭವಾಗಿ ಒದಗುವ ಪದ, ಆದರೆ ಈ ಬಿಯರಿಗೆ ಸಲ್ಲದು. ಖಡಕ್ ಅಂದರೆ ಮೊದಲ ಗುಟುಕಿಗೇ ಹೊಡೆಯಬೇಕು. ಇದು ಹೊಡೆಯುವುದಿಲ್ಲ. ತಿಳಿ ಹೊಂಬಣ್ಣ, ಹಣ್ಣಿನ ಕಂಪು, ಸೋಡಾದಂಥ ಚುರುಕು, ಕೊನೆಯಲ್ಲಿ ಹಾಗಲಕಾಯಿಯ ನೆನಪಿನಷ್ಟು ಕಹಿ. ಆಲ್ಕೋಹಾಲ್ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಕಿವಿ ಬೆಚ್ಚಗಾಗಿರುತ್ತದೆ. ಮೈಸೂರಿನವಳು ಲೋಟವನ್ನು ಬೆಳಕಿಗೆ ಹಿಡಿದು ಹೇಳಿದಳು: ‘ಗೋಮುಖ ವ್ಯಾಘ್ರ ಕಣ್ರೋ ಇದು.’ ಈ ಬಗೆಯ ಬಿಯರಿನ ಬಗ್ಗೆ ನಾನು ಓದಿದ ಇಂಗ್ಲಿಷ್ ಟಿಪ್ಪಣಿಗಳಲ್ಲಿ ಇಷ್ಟು ಖಚಿತವಾದದ್ದು ಒಂದೂ ಇರಲಿಲ್ಲ.

ಬೆಲ್ಜಿಯನ್ನರೂ ಇಂಥದ್ದನ್ನೇ ಹೇಳಿದ್ದರು. ಈ ಬಗೆಗೆ ಮಾದರಿಯಾದ ಡೂವಲ್ ಎಂಬ ಬಿಯರಿನ ಹೆಸರಿಗೆ ಅಲ್ಲಿನ ಆಡುನುಡಿಯಲ್ಲಿ ದೆವ್ವ ಎಂದರ್ಥ. 1923ರಲ್ಲಿ ಅದನ್ನು ಕುಡಿದ ಚಪ್ಪಲಿ ಹೊಲಿಯುವವನೊಬ್ಬ ‘ಇದು ನಿಜವಾದ ದೆವ್ವ’ ಎಂದದ್ದರಿಂದ ಆ ಹೆಸರು ಬಂತೆಂದು ಕತೆ. ಹೆಸರು ಕೊಟ್ಟವನು ರುಚಿತಜ್ಞನಲ್ಲ, ತನ್ನ ಊರಿನ ಮಾತಾಡುವವನು. ಅದನ್ನು ಮಾಡಿದ ಮೋರ್ಟ್‌ಗಾಟ್ ಕುಟುಂಬದವರು ಅದರ ಯೀಸ್ಟ್ ತಂದದ್ದು ಸ್ಕಾಟ್ಲೆಂಡಿನಿಂದ, ಮೆಕ್‌ಯೂವನ್ಸ್ ಬ್ರೂವರಿಯದ್ದು. ಆ ಕಾಲದ ಬೆಲ್ಜಿಯಮ್ಮಿನಲ್ಲಿ ಬ್ರಿಟಿಷ್ ಏಲ್‌ಗಳಿಗೆ ಬೇಡಿಕೆಯಿತ್ತು. ಇವತ್ತಿನ ಹೊಂಬಣ್ಣ ಬಂದದ್ದು 1970ರ ಸುಮಾರಿಗೆ, ಅದಕ್ಕೆ ಮೊದಲು ಅದು ಗಾಢ ಬಣ್ಣದ್ದು. ಈಗ ಬ್ರಿಟನ್ನಿನ ಸಣ್ಣ ಬ್ರೂವರಿಯೊಂದು ‘ಬೆಲ್ಜಿಯನ್ ಶೈಲಿ’ ಎಂದು ಬರೆದರೆ, ಅದು ನಕಲು, ಅಸಲಿಯಲ್ಲ ಎಂದು ಮೂಗೆಳೆಯುವವರಿದ್ದಾರೆ. ಅನುವಾದಕರಿಗೆ ಈ ಮೂಗೆಳೆತದ ಪರಿಚಯ ಚೆನ್ನಾಗಿದೆ.

ಈಗ ಎರಡನೆಯ ಹಿತೈಷಿಗೆ ಬರುತ್ತೇನೆ, ‘ಬರೆಯೋದಾದರೂ ಯಾಕೆ?’ ಎಂದವರಿಗೆ. ಕುಡಿತ ಮನೆ ಹಾಳುಮಾಡಿದ್ದನ್ನು ನಾನೂ ಹತ್ತಿರದಿಂದ ಕಂಡಿದ್ದೇನೆ. ಆ ಕೋಪದ ಬಗ್ಗೆ ನನಗೆ ಗೌರವವಿದೆ. ಆದರೆ ಮೌನದಿಂದ ಏನು ಉಳಿಯಿತು? 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಸರ್ಕಾರದ ಬೊಕ್ಕಸ ಇವತ್ತಿಗೂ ಅಬಕಾರಿಯನ್ನು ನೆಚ್ಚಿಕೊಂಡಿದೆ. ಬೆಲ್ಜಿಯಮ್ಮಿನಲ್ಲೂ 1919ರಲ್ಲಿ ವಾಂಡರ್‌ವೆಲ್ಡೆ ಕಾನೂನು ಕೆಫೆಗಳಲ್ಲಿ ಸ್ಪಿರಿಟ್ ಮಾರುವುದನ್ನು ನಿಲ್ಲಿಸಿತು. ಆ ಜಾಗವನ್ನು ತುಂಬಲು ಬಿಯರುಗಳೇ ಬಲವಾದವು ಎನ್ನುತ್ತಾರೆ.

ಅಲ್ಲದೆ ಈ ಮುಜುಗರ ಕನ್ನಡದ ಹುಟ್ಟುಗುಣವೂ ಅಲ್ಲ. ಪಂಪಭಾರತದ ನಾಲ್ಕನೆಯ ಆಶ್ವಾಸದಲ್ಲಿ ಕುಡಿಯುವವರ ಗೋಷ್ಠಿಯ ವರ್ಣನೆಯೇ ಇದೆ. ಕುಡಿಯುವಾಗ ನಂಜಿಕೊಳ್ಳುವುದಕ್ಕೆ ಹಳಗನ್ನಡದಲ್ಲಿ ಚಕ್ಕಣ ಎಂಬ ಪದವಿತ್ತು. ಈಗ ನಾವು ಬಾರಿನಲ್ಲಿ ‘ಸೈಡ್ಸ್’ ಕೇಳುತ್ತೇವೆ. ಬೆಳಗಿನ ಹೆಂಡದ ಸಿಹಿಯನ್ನೂ ಹೊತ್ತೇರಿದ ಮೇಲಿನ ಹುಳಿಯನ್ನೂ ಹೊತ್ತು ಹೊತ್ತಿಗೆ ಬಿಡಿಸಿ ಹೇಳಬಲ್ಲವರು ಮರ ಹತ್ತಿ ಇಳಿಸುವವರಲ್ಲಿ ಇದ್ದರು, ಇದ್ದಾರೆ. ಅವರ ಮಾತು ನಮ್ಮ ಪುಸ್ತಕಗಳಿಗೆ ಬರಲಿಲ್ಲ, ಯಾಕೆಂದರೆ ಅವರೇ ಬರಲಿಲ್ಲ. ಬಂದವನು ಯೆಂಡ್ಕುಡ್ಕ ರತ್ನ. ಅವನ ಮೇಲೆ ನನಗೂ ಪ್ರೀತಿಯಿದೆ. ಆದರೆ ಅವನನ್ನು ಸೃಷ್ಟಿಸಿದ ಜಿ.ಪಿ. ರಾಜರತ್ನಂ ಸ್ವತಃ ಕುಡಿಯದವರು, ರತ್ನನಿಗೆ ಹೆಂಡ ಬೇಕಾದದ್ದು ಮನಸ್ಸು ಬಿಚ್ಚಲು. ಹೀಗಾಗಿ ಕನ್ನಡದ ಬರಹದಲ್ಲಿ ಕುಡಿಯುವವನು ಒಂದೋ ಪಾಪಿ, ಇಲ್ಲವೇ ಕವಿ. ಮೂವರು ಕೂತು ಎರಡು ಬಾಟಲಿಯನ್ನು ಎರಡು ಗಂಟೆ ಕುಡಿದು ಎದ್ದುಹೋದರೆ ಅವರಿಗೆ ಅಲ್ಲಿ ಜಾಗವಿಲ್ಲ.

ಆ ಏಜೆನ್ಸಿಯ ಕಡತ ಇನ್ನೂ ನನ್ನ ಕಂಪ್ಯೂಟರಿನಲ್ಲಿದೆ. ಆವತ್ತು ರಾತ್ರಿ ಅದನ್ನು ತೆರೆದು, ಹೊಂಗೂದಲಿನ ಆ ಸಾಲನ್ನು ಅಳಿಸಿ ಬರೆದೆ: ‘ಹೊಂಬಣ್ಣದ ಬಿಯರ್. ಕಳಿತ ಏಲಕ್ಕಿ ಬಾಳೆಯ ಕಂಪು, ಹಿಂದೆಯೇ ಲವಂಗದ ಘಾಟು, ಹುರಿದ ಹವೀಜ. ಸಿಹಿ ನಿಲ್ಲುವುದಿಲ್ಲ. ತಳದ ಗಸಿ ಕದಡಬೇಡಿ. ನಿಧಾನವಾಗಿ ಕುಡಿಯಿರಿ, ಗೋಮುಖ ವ್ಯಾಘ್ರ.’ ಹವೀಜವೋ ಕೊತ್ತಂಬರಿ ಬೀಜವೋ ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಮೈಸೂರಿನವಳು ಮೊನ್ನೆಯೂ ಮೆಸೇಜ್ ಹಾಕಿದ್ದಾಳೆ.